ಕಾವೇರಿ ಎಂಜಿನ್‌ಗೆ ಸುರಿದಿದ್ದು ಸಾಕು, ಯುದ್ಧವಿಮಾನದ ಎಂಜಿನ್ ಹೊರಗಿನಿಂದಲೇ ಕೊಂಡರೆ ಏನು ತಪ್ಪು?

ರಾಯಚೂರಿನಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ ಓದುತ್ತಿದ್ದೇನೆ ಅಂತ ಬರೆದಿದ್ದೀರಿ. ನಮ್ಮದೇ ಜೆಟ್ ಎಂಜಿನ್ ಆಗಲಿ ಅಂತ ಕಾವೇರಿಗೆ ಮೂವತ್ತೈದು ವರ್ಷ ದುಡ್ಡು ಹಾಕಿದರೂ ನಮ್ಮ ಯುದ್ಧವಿಮಾನ ತೇಜಸ್ ಹಾರುವುದು ಅಮೆರಿಕದ ಎಂಜಿನ್ ಮೇಲೆ, ಆಗದ ಕೆಲಸಕ್ಕೆ ಯಾಕೆ ಜೋತು ಬೀಳಬೇಕು ಅನ್ನುವುದು ನಿಮ್ಮ ಪ್ರಶ್ನೆ. ಜೊತೆಗೆ, ಈ ಕ್ಷೇತ್ರಕ್ಕೆ ಕೆಲಸಕ್ಕೆ ಹೋಗಬೇಕಾ ಬೇಡವಾ ಅಂತಾನೂ ಕೇಳಿದ್ದೀರಿ.

ಇದೇ ಮಾತನ್ನು 2009ರಲ್ಲಿ ನಾನು ಆಡಿದ್ದೆ. ವಿಮಾನದ ಬಗ್ಗೆ ಅಲ್ಲ, ಅದಿರು ಲಾರಿಯ ಟರ್ಬೊ ಬಗ್ಗೆ.

ನಂದು ಬಳ್ಳಾರಿ. ಡಿಪ್ಲೊಮಾ ಮುಗಿಸಿ 2004ರಲ್ಲಿ ಸಂಡೂರು ರಸ್ತೆಯಲ್ಲಿ ಟರ್ಬೊ ರಿಪೇರಿ ಅಂಗಡಿ ಇಟ್ಟೆ. ಟರ್ಬೊ ಅಂದರೆ ಎಂಜಿನ್ ಬಿಡುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ. ಆ ಕಾಲ ನಿಮಗೆ ಗೊತ್ತಿರಲಿಕ್ಕಿಲ್ಲ, ಆಗ ನೀವು ಇನ್ನೂ ಕೂಸು. ಚೀನಾಕ್ಕೆ ಎಷ್ಟು ಅದಿರು ಕಳಿಸಿದರೂ ಸಾಲುತ್ತಿರಲಿಲ್ಲ. ಹಗಲು ರಾತ್ರಿ ಲಾರಿ. ಊರಿನ ಮರ, ಗೋಡೆ, ಎಮ್ಮೆ ಎಲ್ಲಾ ಕೆಂಪು. ಓವರ್‌ಲೋಡ್ ಹಾಕಿಕೊಂಡು ಬೇಲೆಕೇರಿ ಬಂದರಿನ ತನಕ ಘಾಟಿ ಇಳಿದು ಹತ್ತುವ ಲಾರಿಗೆ ಟರ್ಬೊ ಎಷ್ಟು ದಿನ ಬಾಳೀತು? ಮೇಲೆ ಈ ಧೂಳು ಬೇರೆ. ನನಗೆ ಕೈತುಂಬಾ ಕೆಲಸ.

ಕೆಲಸ ಅಂದರೆ ಏನು? ಕೆಟ್ಟ ಟರ್ಬೊ ಬಿಚ್ಚುವುದು, ಹೊರದೇಶದಿಂದ ಬಂದ ಹೊಸ ಕಾರ್ಟ್ರಿಜ್, ಅಂದರೆ ಶಾಫ್ಟು, ಚಕ್ರ ಸೇರಿದ ಒಳಭಾಗ, ಹಾಕುವುದು, ಬಿಲ್ ಬರೆಯುವುದು. ಅದನ್ನೇ ನಾನು ಎಂಜಿನಿಯರಿಂಗ್ ಅಂದುಕೊಂಡಿದ್ದೆ.

2009ರಲ್ಲಿ ಡೀಲರ್ ‘ಸ್ಟಾಕ್ ಇಲ್ಲ’ ಅಂದ. ಒಂದು ವಾರ ಅಲ್ಲ, ನಾಲ್ಕು ತಿಂಗಳು. ಫೋನ್ ಮಾಡಿದರೆ ‘ಮೇಲಿಂದಾನೇ ಬಂದಿಲ್ಲ ಸಾರ್’. ಅಂಗಡಿ ಮುಂದೆ ಹದಿನಾರು ಲಾರಿ ಸಾಲಾಗಿ ನಿಂತವು. ಒಂದೊಂದಕ್ಕೂ ಫೈನಾನ್ಸ್ ಕಂತು. ಮಾಲೀಕರು ಬಂದು ನನ್ನನ್ನೇ ಬೈಯುತ್ತಿದ್ದರು.

ಆಗ ನಮ್ಮ ಮೇಸ್ತ್ರಿ ಚಾಚಾ ಹೇಳಿದ್ದು: “ನಾವೇ ಎರಕ ಹಾಕಿಸಾನ ತಮ್ಮಾ. ಅದೇನು ಆಕಾಶದಿಂದ ಬಿದ್ದೈತಾ?”

ಹಳೇ ಟರ್ಬೈನ್ ವೀಲ್ (ಹೊಗೆಗೆ ತಿರುಗುವ ಚಕ್ರ) ಒಂದನ್ನು ಮಾದರಿಗೆ ಹಿಡಿದುಕೊಂಡು ಬೆಂಗಳೂರಿನ ಪೀಣ್ಯಕ್ಕೆ ಹೋದೆವು. ಅಲ್ಲಿ ಒಂದು ಸಣ್ಣ ಘಟಕದಲ್ಲಿ ವ್ಯಾಕ್ಯೂಮ್ ಫರ್ನೇಸ್ ಇತ್ತು. ಮೇಣದ ಅಚ್ಚು ಮಾಡಿ, ಮೇಲೆ ಪಿಂಗಾಣಿ ಥರದ ಮಣ್ಣು ಪದರ ಪದರವಾಗಿ ಹಚ್ಚಿ ಒಣಗಿಸಿ, ಮೇಣ ಕರಗಿಸಿ ತೆಗೆದು, ಆ ಟೊಳ್ಳಿಗೆ ನಿಕ್ಕಲ್ ಮಿಶ್ರಲೋಹ ಸುರಿಯುತ್ತಾರೆ. ಜೆಟ್ ಎಂಜಿನ್ ಬ್ಲೇಡ್ (ಟರ್ಬೈನ್ ಚಕ್ರದ ರೆಕ್ಕೆ) ಹುಟ್ಟುವುದೂ ಹೆಚ್ಚುಕಡಿಮೆ ಇದೇ ಬಸಿರಲ್ಲಿ. ಟರ್ಬೊ, ಜೆಟ್ ಎರಡೂ ದಾಯಾದಿಗಳು: ಒಂದು ಶಾಫ್ಟು, ಈ ಕಡೆ ಗಾಳಿ ಒತ್ತುವ ಚಕ್ರ, ಆ ಕಡೆ ಬಿಸಿ ಗಾಳಿಗೆ ತಿರುಗುವ ಚಕ್ರ. ವ್ಯತ್ಯಾಸ ಬಿಸಿಯಲ್ಲಿ. ನನ್ನ ಲಾರಿಯ ಹೊಗೆ 700 ಡಿಗ್ರಿ ಆಸುಪಾಸು. ಯುದ್ಧವಿಮಾನದ ಟರ್ಬೈನ್‌ಗೆ ನುಗ್ಗುವ ಗಾಳಿ 1,400 ಡಿಗ್ರಿ ದಾಟುತ್ತದೆ. ಅಂದರೆ ಬ್ಲೇಡ್ ಯಾವ ಲೋಹದ್ದೋ ಆ ಲೋಹವೇ ಕರಗುವಷ್ಟು. ಕರಗದೆ ಇರಲಿ ಅಂತ ಬ್ಲೇಡಿನ ಒಳಗೆ ಸಣ್ಣ ಸಣ್ಣ ದಾರಿ ಬಿಟ್ಟು ತಂಪು ಗಾಳಿ ಹಾಯಿಸುತ್ತಾರೆ. ಇಡೀ ಬ್ಲೇಡನ್ನು ಒಂದೇ ಹರಳಾಗಿ ಬೆಳೆಸುತ್ತಾರೆ. ನನ್ನದು ಅದರ ಮುಂದೆ ಮಕ್ಕಳಾಟ. ಆ ಮಕ್ಕಳಾಟವೇ ನನಗೆ ಆಗಲಿಲ್ಲ.

ನಲವತ್ತು ವೀಲ್ ಎರಕ ಹಾಕಿಸಿದೆವು. ಹತ್ತರಂತೆ ನಾಲ್ಕು ಗೊಂಚಲು, ಒಂದು ಗೊಂಚಲು ಅಂದರೆ ಒಂದೇ ಸಲಕ್ಕೆ ಸುರಿದಿದ್ದು. ಹನ್ನೆರಡು ಕಣ್ಣಿಗೇ ಹೋದವು, ರೆಕ್ಕೆಯ ತುದಿ ತುಂಬಿರಲಿಲ್ಲ. ಹನ್ನೊಂದು ಬ್ಯಾಲೆನ್ಸ್‌ಗೆ ಬರಲಿಲ್ಲ. ಉಳಿದ ಹದಿನೇಳನ್ನು ಶಾಫ್ಟಿಗೆ ಬೆಸೆಸಿ ಲಾರಿಗೆ ಹಾಕಿದೆವು. ಎಂಟು ಒಂದು ತಿಂಗಳೊಳಗೆ ರೆಕ್ಕೆ ಮುರಿದುಕೊಂಡು ವಾಪಸ್. ಒಬ್ಬ ಮಾಲೀಕ ಮುರಿದ ಚೂರುಗಳನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ತಂದು ನನ್ನ ಮೇಜಿನ ಮೇಲೆ ಸುರಿದ. ಪ್ರಸಾದ ಕೊಟ್ಟ ಹಾಗೆ.

ಅಷ್ಟರಲ್ಲಿ ಡೀಲರ್ ಹತ್ತಿರ ಸ್ಟಾಕ್ ಬಂತು. ನಾನು ಉಸಿರು ಬಿಟ್ಟೆ. ‘ಸಾಕು ಚಾಚಾ, ಆಗದ ಕೆಲಸ, ಕೊಂಡುಕೊಳ್ಳೋಣ’ ಅಂದೆ. ನಿಮ್ಮ ಪ್ರಶ್ನೆಯ ಮಾತೇ, ಒಂದಕ್ಷರ ಆಚೀಚೆ ಇಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಕಂಪನಿ ಮಾಲು ಕೊಂಡಿದ್ದು ತಪ್ಪಲ್ಲ. ಲೆಕ್ಕ ಮಾಡಿ ನೋಡಿ: ಹನ್ನೆರಡು, ಹನ್ನೊಂದು, ಎಂಟು, ಒಟ್ಟು ಮೂವತ್ತೊಂದು. ನಲವತ್ತರಲ್ಲಿ ಒಂಬತ್ತು ಉಳಿಯಿತು. ಆ ಒಂಬತ್ತು ವೀಲ್ ಕೆಟ್ಟಿರಲಿಲ್ಲ! ಮೂರು ತಿಂಗಳು ಓಡಿ, ಇನ್ನೂ ಓಡುತ್ತಿದ್ದವು. ನಾನು ಹೆಸರು ಕೆಟ್ಟೀತು ಅಂತ ಆ ಲಾರಿಗಳನ್ನೂ ಕರೆಸಿ, ಚೆನ್ನಾಗಿದ್ದ ವೀಲ್ ಬಿಚ್ಚಿ, ಪುಕ್ಕಟೆಯಾಗಿ ಕಂಪನಿ ಮಾಲು ಹಾಕಿ ಕಳಿಸಿದೆ. ಆಮೇಲೆ ಮುರಿದಿದ್ದು, ಮುರಿಯದಿದ್ದು ಎಲ್ಲಾ ಸೇರಿಸಿ ಗುಜರಿಗೆ ಹಾಕಿದೆ. ನಿಕ್ಕಲ್ ಇದೆ ಅಂತ ಒಳ್ಳೇ ರೇಟ್ ಕೊಟ್ಟ. ಒಂಬತ್ತು ಸಾವಿರ ಚಿಲ್ಲರೆ ಬಂತು. ಮೂರೂವರೆ ಲಕ್ಷ ಹಾಕಿದ ಕೆಲಸಕ್ಕೆ.

ಚಾಚಾ ಬೇಡ ಅಂದಿದ್ದ. “ಒಂದೆರಡು ಕೊಯ್ದು ನೋಡಾನ, ಒಳಗೆ ಏನಾಗೈತೆ ಅಂತ. ಉಳಿದಿದ್ದು ಚೀಲದಾಗೆ ಇರ್ಲಿ, ಅನ್ನ ಕೇಳ್ತಾವಾ?”

ನಾನು ಕೇಳಲಿಲ್ಲ. ಅದರ ಬೆಲೆ ಗೊತ್ತಾಗಿದ್ದು 2010ರಲ್ಲಿ, ಮತ್ತೆ ಸ್ಟಾಕ್ ನಿಂತಾಗ. ಈ ಸಲ ರೇಟೂ ಏರಿತ್ತು. ಮತ್ತೆ ಪೀಣ್ಯಕ್ಕೆ ಓಡಿದೆ. ಅಲ್ಲಿ ಲೋಹ ಸುರಿಯುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದ. ಪ್ರತಿ ಗೊಂಚಲಿಗೂ ಅಚ್ಚನ್ನು ಎಷ್ಟು ಡಿಗ್ರಿಗೆ ಕಾಯಿಸಿದ್ದೆ ಅಂತ ಅವನು ಒಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ. ಆ ಡೈರಿಯೂ ಅವನ ಜೊತೆ ಹೋಗಿತ್ತು. ಆ ಡಿಗ್ರಿಯೇ ಎಲ್ಲಾ. ಅಚ್ಚು ತಣ್ಣಗಿದ್ದರೆ ತೆಳು ರೆಕ್ಕೆ ತುಂಬುವ ಮುಂಚೆಯೇ ಲೋಹ ಗಟ್ಟಿಯಾಗುತ್ತದೆ. ಜಾಸ್ತಿ ಬಿಸಿಯಾದರೆ ಲೋಹದ ಕಣ ದಪ್ಪಗೆ ಬೆಳೆದು ರೆಕ್ಕೆ ಬೇಗ ದಣಿದು ಮುರಿಯುತ್ತದೆ. ನಡುವಿನ ದಪ್ಪ ಭಾಗ ಎಲ್ಲಕ್ಕಿಂತ ಕೊನೆಗೆ ಆರುವುದರಿಂದ ಅಲ್ಲಿ ಟೊಳ್ಳು ಬೀಳುತ್ತದೆ. ಈ ಮೂರರ ನಡುವೆ ಒಂದು ಸಣ್ಣ ಜಾಗ ಇದೆ. ನನ್ನ ಒಂಬತ್ತು ವೀಲ್ ಆ ಜಾಗದಲ್ಲಿ ಬಿದ್ದಿದ್ದವು. ಒಂಬತ್ತೂ ಒಂದೇ ಗೊಂಚಲಿನವಾ? ನಾಲ್ಕರಲ್ಲೂ ಹಂಚಿದ್ದವಾ? ಒಂದೇ ಗೊಂಚಲಿನವಾಗಿದ್ದರೆ ಆ ಡಿಗ್ರಿ ಹಿಡಿದು ನೂರು ವೀಲ್ ಸುರಿಸಬಹುದಿತ್ತು. ಉತ್ತರ ಗುಜರಿಯವನ ಹತ್ತಿರ ಕರಗಿ ಹೋಗಿತ್ತು. ಹೊಸಬ ಮೊದಲಿಂದ ಶುರು ಮಾಡಿದ. ಮತ್ತದೇ ರೆಕ್ಕೆ ತುಂಬದ ವೀಲ್, ಮತ್ತದೇ ಮುರಿತ.

ನಿಜ ಹೇಳಬೇಕು. ಅವೆಲ್ಲಾ ಚೀಲದಲ್ಲೇ ಇದ್ದಿದ್ದರೂ ನಾನು ಕೋಟ್ಯಧಿಪತಿ ಆಗುತ್ತಿರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ತುಕ್ಕು ಹಿಡಿದವು. ಅಂಗಡಿ ಹೇಗೂ ಮುಚ್ಚುತ್ತಿತ್ತು. ಈಗ ಸಿರುಗುಪ್ಪ, ಗಂಗಾವತಿ ಕಡೆಯ ಭತ್ತ ಕೊಯ್ಯುವ ಮಷೀನುಗಳ ಟರ್ಬೊ ನೋಡುತ್ತೇನೆ. ಹೊಟ್ಟೆಗೇನೂ ಕಮ್ಮಿ ಇಲ್ಲ.

ಆ ಮೇಲೆ ಕಾವೇರಿ ಬಗ್ಗೆ ಏನು ಸಿಕ್ಕರೂ ಓದುವ ಚಟ ಹತ್ತಿತು. ಓದಿದಷ್ಟೂ ನನ್ನ ಅಂಗಡಿಯೇ ಕಾಣುತ್ತಿತ್ತು.

ಮೊದಲು ಮಾರುತ್ ನೋಡಿ. 1961ರಲ್ಲೇ ಬೆಂಗಳೂರಿನ ಎಚ್‌ಎಎಲ್ ಆ ಯುದ್ಧವಿಮಾನ ಹಾರಿಸಿತು. ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ಅವರದು. ಮೈಕಟ್ಟು ಶಬ್ದದ ವೇಗ ಮೀರುವಂಥದ್ದು. ಆದರೆ ಅದಕ್ಕೆ ಅಂದುಕೊಂಡಿದ್ದ ಜೋರಿನ ಬ್ರಿಟಿಷ್ ಎಂಜಿನ್ ತಯಾರಾಗಲೇ ಇಲ್ಲ. ಬ್ರಿಟನ್ ಕೈಬಿಟ್ಟಿತು, ಅದನ್ನು ಮುಗಿಸಲು ಬೇಕಾದ ಹಣ ಹಾಕಲು ನಾವೂ ಒಪ್ಪಲಿಲ್ಲ. ಕೊನೆಗೆ ಸಣ್ಣ ಆರ್ಫಿಯಸ್ ಎಂಜಿನ್ ಎರಡು ಹಾಕಿ ಹಾರಿಸಿದರು. ಅಷ್ಟು ಚೆಂದದ ವಿಮಾನ ಕೊನೆತನಕ ಏದುಸಿರು ಬಿಟ್ಟಿತು.

ಆಮೇಲೆ ಕಾವೇರಿ. ಜೆಟ್ ಎಂಜಿನ್ ಸಂಶೋಧನೆ ಮಾಡುವ ಬೆಂಗಳೂರಿನ ಸರ್ಕಾರಿ ಪ್ರಯೋಗಾಲಯ ಜಿಟಿಆರ್‌ಇಗೆ 1989ರಲ್ಲಿ ಮಂಜೂರಾಯಿತು. ಗುರಿ 81 ಕಿಲೋನ್ಯೂಟನ್ ತಳ್ಳುಬಲ. ಅಷ್ಟು ಬರಲಿಲ್ಲ, ತೂಕವೂ ಜಾಸ್ತಿಯಾಯಿತು. 2008ರಲ್ಲಿ ತೇಜಸ್‌ನಿಂದ ಬೇರೆ ಮಾಡಿದರು. ನಗುವವರೆಲ್ಲ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. 2010ರಲ್ಲಿ ಅದೇ ಎಂಜಿನ್ ರಷ್ಯಾದಲ್ಲಿ ಇಲ್ಯೂಷಿನ್-76 ವಿಮಾನದ ಒಂದು ರೆಕ್ಕೆಯಡಿ ನೇತಾಡಿಕೊಂಡು ಆಕಾಶದಲ್ಲಿ ಓಡಿತು. ಯಾಕೆ ರಷ್ಯಾದಲ್ಲಿ? ಹಾರುತ್ತಾ ಎಂಜಿನ್ ಪರೀಕ್ಷೆ ಮಾಡುವ ವಿಮಾನ ನಮ್ಮಲ್ಲಿ ಇರಲಿಲ್ಲ. ಅಷ್ಟು ಎತ್ತರದ ಗಾಳಿಯನ್ನು ನೆಲದ ಮೇಲೆ ಸೃಷ್ಟಿಸುವ ಪರೀಕ್ಷಾ ಕೇಂದ್ರವೂ ಇರಲಿಲ್ಲ. ಒಳಗೆ ಟೊಳ್ಳಿದೆಯಾ ಅಂತ ಎಕ್ಸ್‌ರೇ ತೆಗೆದು ನೋಡದೆ ವೀಲ್ ಲಾರಿಗೆ ಹಾಕಿದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ ಕಣ್ರೀ.

‘ಕೊಂಡುಕೊಳ್ಳೋಣ’ ಅಂತೀರಲ್ಲ, ಕೊಡುವವರು ಯಾವಾಗಲೂ ಕೊಡ್ತಾರಾ? 1998ರಲ್ಲಿ ಪೋಖ್ರಾನ್ ಪರೀಕ್ಷೆ ಆದಮೇಲೆ ಅಮೆರಿಕ ನಿರ್ಬಂಧ ಹೇರಿತು. ತೇಜಸ್ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮ ಎಂಜಿನಿಯರ್‌ಗಳನ್ನು ಹೊರಗೆ ಕಳಿಸಿದರು. ಜಗಳವೇ ಇಲ್ಲದಿದ್ದರೂ ತಡ ಆಗುತ್ತೆ. 2021ರಲ್ಲಿ ತೇಜಸ್ ಮಾರ್ಕ್-1ಎಗೆ ಜಿಇ ಕಂಪನಿಯ 99 ಎಫ್404 ಎಂಜಿನ್‌ಗೆ ಆರ್ಡರ್ ಹೋಯಿತು. ಮೊದಲನೆಯದು ಬಂದಿದ್ದು 2025ರ ಮಾರ್ಚ್‌ನಲ್ಲಿ. ಆ ಮಾದರಿಯ ತಯಾರಿಕೆ ನಿಂತು ಐದು ವರ್ಷ ಆಗಿತ್ತಂತೆ, ಬಿಡಿಭಾಗ ಕೊಡುವವರನ್ನೆಲ್ಲ ಮತ್ತೆ ಸೇರಿಸಿ ಶುರು ಮಾಡಬೇಕಾಯಿತು. ಗಮನಿಸಿ, ಕಂಡುಹಿಡಿದವರೇ ಐದು ವರ್ಷ ಕೈಬಿಟ್ಟರೆ ಹಾಗೆ. ನಾವು ಕಾವೇರಿ ಬಿಟ್ಟು ಇಪ್ಪತ್ತು ವರ್ಷ ಆದಮೇಲೆ ಬೇಕು ಅಂದರೆ?

ಲೈಸೆನ್ಸ್ ತಗೊಂಡು ಇಲ್ಲೇ ಮಾಡಿದರೆ ಕಲಿಯಲ್ವಾ ಅಂತಾನೂ ಕೇಳಿದ್ದೀರಿ. ಒಡಿಶಾದ ಕೊರಾಪುಟ್‌ನಲ್ಲಿ ಎಚ್‌ಎಎಲ್ ಮಿಗ್ ಎಂಜಿನ್ ಮಾಡಿತು, ಸುಖೋಯ್‌ನ ಎಎಲ್-31ಎಫ್‌ಪಿ ಎಂಜಿನ್ ಮಾಡುತ್ತಿದೆ. ಒಳ್ಳೇ ಕೆಲಸ, ಕೈ ಪಳಗುತ್ತದೆ. ಆದರೆ ಡ್ರಾಯಿಂಗ್‌ನಲ್ಲಿ ‘ಇಷ್ಟು ಡಿಗ್ರಿ’ ಅಂತ ಬರೆದಿರುತ್ತೆ, ಯಾಕೆ ಅಷ್ಟೇ ಅಂತ ಬರೆದಿರಲ್ಲ. ಆ ‘ಯಾಕೆ’ ಇರುವುದು ಅವರು ಒಡೆದುಕೊಂಡ ಬ್ಲೇಡುಗಳ ರಾಶಿಯಲ್ಲಿ. ಆ ರಾಶಿ ಯಾರೂ ಮಾರಲ್ಲ. ತೇಜಸ್‌ನ ಮುಂದಿನ ಮಾದರಿಗೆ ಬೇಕಾದ ಎಫ್414 ಎಂಜಿನ್‌ಗೆ ಜಿಇಯವರು 80 ಪರ್ಸೆಂಟ್ ತಂತ್ರಜ್ಞಾನ ಕೊಡ್ತಾರೆ ಅಂತ 2023ರಿಂದ ಸುದ್ದಿ ಇದೆ. ಬರಲಿ, ಸಂತೋಷ. ಉಳಿದ ಇಪ್ಪತ್ತರಲ್ಲಿ ಏನಿರುತ್ತೆ ಅಂತ ನನಗೆ ಅನುಮಾನ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ‘ಮಾಡಬೇಕಾ, ಕೊಳ್ಳಬೇಕಾ’ ಅನ್ನುವುದು ಪ್ರಶ್ನೆಯೇ ಅಲ್ಲ. ಇವತ್ತು ಕೊಳ್ಳಲೇಬೇಕು, ವಾಯುಪಡೆಯ ಹುಡುಗರು ನಮ್ಮ ಪ್ರಯೋಗ ಮುಗಿಯಲಿ ಅಂತ ನೆಲದ ಮೇಲೆ ಕೂರಕ್ಕಾಗಲ್ಲ. ಚೀನಾ ಮಾಡಿದ್ದೂ ಹಾಗೇ. ಡಬ್ಲ್ಯೂಎಸ್-10 ಎಂಜಿನ್ ಕೆಲಸ 1980ರ ದಶಕದಲ್ಲಿ ಹಿಡಿದರು. ಅದು ಕೈಗೆ ಹತ್ತುವ ತನಕ ರಷ್ಯಾದಿಂದ ಎಂಜಿನ್ ತರಿಸುತ್ತಲೇ ಇದ್ದರು. ಅವರ ಜೆ-20 ವಿಮಾನ ಮೊದಮೊದಲು ಹಾರಿದ್ದೂ ರಷ್ಯಾದ ಎಂಜಿನ್ ಮೇಲೆ. ಕೊಳ್ಳುವುದಕ್ಕೆ ನಾಚಿಕೊಳ್ಳಲಿಲ್ಲ, ಮಾಡುವುದನ್ನೂ ನಿಲ್ಲಿಸಲಿಲ್ಲ.

ನಮ್ಮಲ್ಲೂ ಪೂರ್ತಿ ನಿಂತಿಲ್ಲ. ರಕ್ಷಣೆಗೆ ಬೇಕಾದ ಲೋಹಗಳ ಸಂಶೋಧನೆ ಮಾಡುವ ಹೈದರಾಬಾದ್‌ನ ಡಿಎಂಆರ್‌ಎಲ್ ಪ್ರಯೋಗಾಲಯ ಒಂದೇ ಹರಳಿನ ಬ್ಲೇಡ್ 60 ಮಾಡಿ ಹೆಲಿಕಾಪ್ಟರ್ ಎಂಜಿನ್‌ಗೆ ಅಂತ 2021ರಲ್ಲಿ ಎಚ್‌ಎಎಲ್‌ಗೆ ಕೊಟ್ಟಿತು. ಅಂಥದ್ದಕ್ಕೆ ಟೀವಿಯಲ್ಲಿ ಚರ್ಚೆ ಆಗಲ್ಲ ಬಿಡಿ. ನಿಮಗೂ ನನಗೂ ಹತ್ತಿರದ ಚಳ್ಳಕೆರೆಯಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ಮೈದಾನ ಇದೆ. 2022ರಲ್ಲಿ ಅಲ್ಲಿ ಬಾಲವಿಲ್ಲದ, ಪೈಲಟ್ ಇಲ್ಲದ ಒಂದು ಪುಟ್ಟ ಜೆಟ್ ತಾನಾಗಿ ಏರಿ ತಾನಾಗಿ ಇಳಿಯಿತು. ಒಳಗಿದ್ದದ್ದು ಮಾತ್ರ ರಷ್ಯಾದ ಎಂಜಿನ್. ಆ ಜಾತಿಯ ದೊಡ್ಡ ವಿಮಾನಕ್ಕೆ ಆಫ್ಟರ್‌ಬರ್ನರ್ (ಹಿಂದೆ ಇನ್ನಷ್ಟು ಇಂಧನ ಉರಿಸಿ ಜೋರು ಹೆಚ್ಚಿಸುವ ಭಾಗ) ಇಲ್ಲದ ಕಾವೇರಿಯನ್ನು ಹಾಕಬೇಕು ಅಂತಿದೆ. ನಗುವವರು ಇದನ್ನೂ ಲೆಕ್ಕಕ್ಕೆ ಹಿಡೀಬೇಕು.

ಕೆಲಸದ ಬಗ್ಗೆ ಕೇಳಿದಿರಿ. ಹೋಗಿ. ಆದರೆ ಕಂಪ್ಯೂಟರ್ ಮುಂದೆ ಬಣ್ಣಬಣ್ಣದ ಚಿತ್ರ ಮಾಡುವ ವಿಭಾಗ ಕೇಳಬೇಡಿ, ಎಲ್ಲರೂ ಅದನ್ನೇ ಕೇಳ್ತಾರೆ. ಎಂಜಿನ್ ಓಡಿಸಿ ಪರೀಕ್ಷೆ ಮಾಡುವ ಟೆಸ್ಟ್ ಬೆಡ್ ಕೇಳಿ. ಇಲ್ಲಾಂದರೆ ಮುರಿದ ಬ್ಲೇಡ್ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವ ಲ್ಯಾಬ್ ಕೇಳಿ. ಸಂಬಳ ಕಮ್ಮಿ ಇರಬಹುದು, ಮದುವೆ ಮಾತುಕತೆಯಲ್ಲಿ ವಿವರಿಸೋದು ಕಷ್ಟ ಆಗಬಹುದು. ಡೈರಿ ಇಡಿ. ಒಂದು ಪ್ರತಿ ಕೆಲಸದ ಜಾಗದಲ್ಲೇ ಬಿಟ್ಟು ಬನ್ನಿ, ಪೀಣ್ಯದ ಹುಡುಗನ ಹಾಗೆ ಎತ್ತಿಕೊಂಡು ಹೋಗಬೇಡಿ.

ಇನ್ನೊಂದು ವಿಷಯ. ಗುಜರಿ ಗಾಡಿ ಬಂದ ದಿನ ಚಾಚಾ ಒಂದು ವೀಲ್ ಜೇಬಿಗೆ ಹಾಕಿಕೊಂಡಿದ್ದನಂತೆ, ಓಡುತ್ತಿದ್ದ ಒಂಬತ್ತರಲ್ಲಿ ಒಂದು. ಮೂರು ವರ್ಷದ ಹಿಂದೆ ಅವನನ್ನು ನೋಡಲು ಹೋದಾಗ ಕೈಗಿಟ್ಟ. ಕೌಲ್ ಬಜಾರಿನ ಅವನ ಮನೆಯಲ್ಲಿ ಅಷ್ಟು ದಿನ ಬಾಗಿಲಿಗೆ ಒತ್ತಾಗಿ ಇಟ್ಟಿದ್ದರು. ಎರಕ ಬಂದ ದಿನವೇ ಚಾಚಾ ನಲವತ್ತಕ್ಕೂ ಗೊಂಚಲಿನ ಪ್ರಕಾರ ಒಂದರಿಂದ ನಂಬರ್ ಪಂಚ್ ಹೊಡೆದಿದ್ದ. ನನಗೆ ಅದೂ ಗೊತ್ತಿರಲಿಲ್ಲ. ಮನೆಗೆ ತಂದು, ಸೀಮೆಎಣ್ಣೆಯಲ್ಲಿ ಉಜ್ಜಿ, ಲೆನ್ಸ್ ಹಿಡಿದು ನೋಡಿದೆ. ಬ್ಯಾಲೆನ್ಸ್ ಮಾಡುವಾಗ ಗ್ರೈಂಡ್ ಮಾಡಿದ್ದು ಸರಿಯಾಗಿ ನಂಬರಿನ ಮೇಲೇ. 4 ಅಂತ ಕಾಣುತ್ತೆ. ಅದರ ಮುಂದೆ 1 ಇತ್ತೋ, 2 ಇತ್ತೋ, 3 ಇತ್ತೋ, ಏನೂ ಇರಲಿಲ್ಲವೋ.