ರೆಸ್ಕ್ಯೂ ಡಿಸ್ಕ್ ಹಾಕಿದರೂ ವಿಂಡೋಸೇ ತೆರೆಯುತ್ತದೆ!

ಪ್ರಶ್ನೆ: ಕಾಫಿ ತೋಟದ ಲೆಕ್ಕಪತ್ರವೆಲ್ಲ ಇರುವ ಮನೆಯ ಕಂಪ್ಯೂಟರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಪೂರ್ತಿ ಬ್ಯಾಕಪ್ ಮಾಡಿದ್ದೇನೆ. ಆ ಬ್ಯಾಕಪ್ ಸಾಫ್ಟ್‌ವೇರ್ ರೆಸ್ಕ್ಯೂ ಡಿಸ್ಕಿಗೆಂದು (ವಿಂಡೋಸ್ ಕೆಟ್ಟಾಗ ಬ್ಯಾಕಪ್ ಮರಳಿಸುವ ಡಿಸ್ಕ್) ಕೊಟ್ಟ ಐಎಸ್‌ಒ ಫೈಲನ್ನು (ಇಡೀ ಡಿಸ್ಕಿನ ಪಡಿಯಚ್ಚು) ಡಿವಿಡಿಗೆ ಹಾಕಿಟ್ಟಿದ್ದೇನೆ. ಆದರೆ ಕಂಪ್ಯೂಟರ್ ಡಿವಿಡಿಯಿಂದ ಬೂಟ್ ಆಗದೆ (ಚಾಲೂ ಆಗದೆ) ನೇರ ವಿಂಡೋಸ್ 10 ತೆರೆಯುತ್ತದೆ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಮೊದಲು ವಿಂಡೋಸ್ ಒಳಗೇ ಡಿವಿಡಿ ತೆರೆದು ನೋಡಿ. ಒಂದೇ ಒಂದು ಐಎಸ್‌ಒ ಫೈಲ್ ಕೂತಿದ್ದರೆ ತಪ್ಪು ಅಲ್ಲೇ ಇದೆ. ಮಾಮೂಲಿ ಫೈಲಿನಂತೆ ನಕಲಾದ ಐಎಸ್‌ಒ ಯಾವ ಕಂಪ್ಯೂಟರಿನಲ್ಲೂ ಬೂಟ್ ಆಗದು. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಬರ್ನ್ ಡಿಸ್ಕ್ ಇಮೇಜ್’ ಆರಿಸಿ, ‘ವೆರಿಫೈ’ಗೆ ಟಿಕ್ ಹಾಕಿ ಹೊಸ ಡಿವಿಡಿಗೆ ಬರೆಯಿರಿ.

ಒಳಗೆ ಫೋಲ್ಡರುಗಳು ಕಂಡರೆ ರೀಸ್ಟಾರ್ಟ್ ಕೊಟ್ಟು, ಪರದೆ ಬೆಳಗುವಾಗಲೇ ಬೂಟ್ ಮೆನು ಕೀಲಿ ಒತ್ತುತ್ತಿರಿ: ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಮದರ್‌ಬೋರ್ಡುಗಳಲ್ಲಿ ಎಫ್8. ಶಟ್ ಡೌನ್ ಸಾಲದು. ಫಾಸ್ಟ್ ಸ್ಟಾರ್ಟಪ್ (ವಿಂಡೋಸ್ ಬೇಗ ತೆರೆಯುವ ಸೌಲಭ್ಯ) ಇದ್ದರೆ ಅದು ಅರೆನಿದ್ದೆ ಮಾತ್ರ. ಡಿವಿಡಿ ಆರಿಸಿದ ಮೇಲೆ ‘ಪ್ರೆಸ್ ಎನಿ ಕೀ’ ಎಂಬ ಸಾಲು ಕೆಲವೇ ಸೆಕೆಂಡು ಮಿನುಗುತ್ತದೆ. ಆಗ ಕೀಲಿ ಒತ್ತದಿದ್ದರೆ ವಿಂಡೋಸೇ ಬರುತ್ತದೆ. ಎಷ್ಟೋ ಜನ ಡಿಸ್ಕ್ ಎಸೆಯುವುದು ಇಲ್ಲೇ!

ಮೆನುವಿನಲ್ಲಿ ಡಿವಿಡಿ ಡ್ರೈವ್ ಎರಡು ಸಲ ಕಂಡರೆ ನಿಮ್ಮ ವಿಂಡೋಸ್ ಯಾವ ರೀತಿಯದೋ ಅದನ್ನೇ ಆರಿಸಿ. ‘ಸಿಸ್ಟಮ್ ಇನ್ಫರ್ಮೇಶನ್’ನಲ್ಲಿ ‘ಬಯಾಸ್ ಮೋಡ್’ ಎದುರು ಯುಇಎಫ್‌ಐ (ಹೊಸ ಬೂಟ್ ವಿಧಾನ) ಅಥವಾ ಲೆಗಸಿ (ಹಳೆಯ ವಿಧಾನ) ಎಂದಿರುತ್ತದೆ. ಡಿಸ್ಕಿನಲ್ಲಿ ‘ಇಎಫ್‌ಐ’ ಫೋಲ್ಡರೇ ಇಲ್ಲದಿದ್ದರೆ ಅದು ಹಳೆಯ ಕಾಲದ್ದು. ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ, 64 ಬಿಟ್‌ನದೇ ಡಿಸ್ಕ್ ಮಾಡಿಕೊಳ್ಳಿ. ಲಿನಕ್ಸ್ ಆಧಾರಿತ ಡಿಸ್ಕನ್ನು ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ತಂತ್ರಾಂಶ ಏಳದಂತೆ ಕಾಯುವ ವ್ಯವಸ್ಥೆ) ತಡೆಯಬಹುದು. ಸೆಕ್ಯೂರ್ ಬೂಟ್ ಆಫ್ ಮಾಡುವ ಮುನ್ನ ಬಿಟ್‌ಲಾಕರಿನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಲೆಕ್ಕಕ್ಕೆ ನೀವೇ ಬೀಗ ಹಾಕಿದಂತೆ.

ಬೂಟ್ ಆದ ಮೇಲೆ ಹೊರಗಿನ ಡಿಸ್ಕ್ ಕಾಣದಿದ್ದರೆ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿ. ಒಳಗಿನ ಎಸ್‌ಎಸ್‌ಡಿ ಕಾಣದಿದ್ದರೆ ಸಾಮಾನ್ಯವಾಗಿ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ (ಒಳಗಿನ ಡಿಸ್ಕನ್ನು ಗುರುತಿಸುವ ತಂತ್ರಾಂಶ) ಕೊರತೆ. ಅದನ್ನು ಸೇರಿಸಿ ಡಿಸ್ಕ್ ಮತ್ತೆ ಮಾಡಿ. ಬಯಾಸಿನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಡಿಸ್ಕಿನ ವಿಧಾನವನ್ನು ಆರ್‌ಎಸ್‌ಟಿಯಿಂದ ಎಎಚ್‌ಸಿಐಗೆ ಬದಲಿಸಲು ಹೋಗಬೇಡಿ, ವಿಂಡೋಸೇ ಏಳದೆ ಹೋದೀತು.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವೇ ಇಲ್ಲ. ಪೆನ್‌ಡ್ರೈವ್ ಆದೀತೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಧಾರಾಳವಾಗಿ. ಮಲೆನಾಡಿನ ತೇವಕ್ಕೆ ಡಿವಿಡಿ ಡ್ರೈವಿನ ಲೆನ್ಸ್ ಮಂಕಾಗುವ ಗೋಳೂ ತಪ್ಪುತ್ತದೆ. 8 ಜಿಬಿಯದು ಸಾಕು. ರೂಫಸ್ ಎಂಬ ಸಾಫ್ಟ್‌ವೇರಿನಲ್ಲಿ ಐಎಸ್‌ಒ ಆರಿಸಿ, ಪಾರ್ಟಿಶನ್ ಜಿಪಿಟಿ, ಫೈಲ್ ಸಿಸ್ಟಮ್ ಫ್ಯಾಟ್32 ಇಟ್ಟು ಬರೆಯಿರಿ. ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆಡೆ ತೆಗೆದಿಡಿ.