ಸ್ನೇರ್ ಮೇಲೆ ಸ್ನೇರ್ ಪೇರಿಸಿದರೂ ಪಂಚ್ ಯಾಕೆ ಬರುವುದಿಲ್ಲ?

ನಾಲ್ಕು ಸ್ನೇರ್ ಸ್ಯಾಂಪಲ್ (ಚಟ್ ಅನ್ನುವ ಡ್ರಮ್ಮಿನ ರೆಕಾರ್ಡ್ ಮಾಡಿದ ತುಣುಕು) ಒಂದರ ಮೇಲೊಂದು ಇಟ್ಟರೂ ಸದ್ದು ತೆಳ್ಳಗಾಗುತ್ತಿದೆ, ರಾಯಚೂರಿನ ಮದುವೆ ಡಿಜೆ ಬಾಕ್ಸಲ್ಲಿ ಹಾಕಿದರೆ ಕಿಕ್ (ಧಮ್ ಅನ್ನುವ ದೊಡ್ಡ ಡ್ರಮ್) ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ, ಯಾವ ಪ್ಲಗಿನ್ (ಸದ್ದು ತಿದ್ದುವ ಸಾಫ್ಟ್‌ವೇರ್) ತಗೊಳ್ಳಲಿ ಅಂತ ಕೇಳಿದ್ದೀರಿ. ಈಗಲೇ ಯಾವುದೂ ಬೇಡ. ನಿಮ್ಮ ಸ್ಯಾಂಪಲ್‌ಗಳೇ ಒಂದನ್ನೊಂದು ತಿಂದು ಹಾಕುತ್ತಿರಬೇಕು.

ಸ್ನೇರ್‌ನ ಗಟ್ಟಿ ಭಾಗ, ಅಂದರೆ ಬಾಡಿ, ಹೆಚ್ಚುಕಡಿಮೆ 150ರಿಂದ 250 ಹರ್ಟ್ಸ್ ಒಳಗೆ ಇರುತ್ತದೆ. 200 ಹರ್ಟ್ಸ್ ಅಲೆ ಒಂದು ಸುತ್ತು ಮುಗಿಸುವುದಕ್ಕೆ 5 ಮಿಲಿಸೆಕೆಂಡ್ ಬೇಕು. ಎರಡನೇ ಸ್ಯಾಂಪಲ್ ಬರೀ ಎರಡೂವರೆ ಮಿಲಿಸೆಕೆಂಡ್ ತಡವಾಗಿ ಶುರುವಾದರೆ ಒಂದರ ಅಲೆ ಮೇಲೇಳುವಾಗ ಇನ್ನೊಂದರದ್ದು ಕೆಳಗಿಳಿಯುತ್ತದೆ, ಬಾಡಿ ಅಲ್ಲೇ ಮಾಯ. ಅಷ್ಟು ಸಣ್ಣ ಅಂತರ ಕಿವಿಗೆ ಎರಡು ಪೆಟ್ಟು ಅಂತ ಗೊತ್ತಾಗುವುದೇ ಇಲ್ಲ, ಸುಮ್ನೆ ಸದ್ದು ಪೊಳ್ಳು ಅನಿಸುತ್ತದೆ. ಆದ್ದರಿಂದ ಸ್ಕ್ರೀನಿನಲ್ಲಿ ಅಲೆಯ ಚಿತ್ರವನ್ನು ಪೂರ್ತಿ ಝೂಮ್ ಮಾಡಿ, ಮೊದಲ ಏರು ಎಲ್ಲದರಲ್ಲೂ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಇದೆಯಾ ನೋಡಿ. ತಿರುವುಮುರುವು ಇದ್ದರೆ ಅಲೆಯನ್ನು ತಲೆಕೆಳಗು ಮಾಡುವ ಪೋಲಾರಿಟಿ ಬಟನ್ ಒತ್ತಿ.

ಇನ್ನೊಂದು, ನಾಲ್ಕಕ್ಕೂ ಬಾಡಿ ಯಾಕೆ ಬೇಕು? ಒಂದಕ್ಕೆ ಸಾಕು. ನಾನು ಬಾಡಿಗೆ 909 ಥರದ ಸ್ನೇರ್ ಇಡುತ್ತೇನೆ. 1983ರಲ್ಲಿ ಬಂದ ರೋಲಂಡ್ ಟಿಆರ್-909 ಡ್ರಮ್ ಮಷೀನಿನಲ್ಲಿ ಸ್ನೇರ್ ಸ್ಯಾಂಪಲ್ ಅಲ್ಲ, ಅನಲಾಗ್ ಸರ್ಕ್ಯೂಟಿನಿಂದಲೇ ಹುಟ್ಟುವ ಸದ್ದು, ಅದಕ್ಕೇ ಅಷ್ಟು ನೇರ, ಅಷ್ಟು ಗಟ್ಟಿ. ಉಳಿದವುಗಳಿಗೆ 400-500 ಹರ್ಟ್ಸ್ ಕೆಳಗೆಲ್ಲ ಹೈಪಾಸ್ ಹಾಕಿ ಕತ್ತರಿಸಿ.

2ರಿಂದ 5 ಕಿಲೋಹರ್ಟ್ಸ್‌ನಲ್ಲಿ ಬರುವ ಚಟ್ ಅನ್ನುವ ಪೆಟ್ಟಿಗೆ ಬೇರೆಯವರ ಸ್ಯಾಂಪಲ್ ಪ್ಯಾಕ್ ಹುಡುಕಬೇಡಿ, ನಮ್ಮ ಕಡೆ ಹಲಗೆ ಇದೆಯಲ್ಲ! ನಾನು ಕೊಪ್ಪಳದವನು, ಮೊಹರಂನಲ್ಲಿ ಬಾರಿಸುವ ಹಲಗೆಯನ್ನೇ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ. ಬೆಂಕಿಗೆ ಹಿಡಿದು ಕಾಯಿಸಿದ ಕೂಡಲೇ ಚರ್ಮ ಬಿಗಿಯಾಗಿರುತ್ತದೆ, ಆಗ ಸಣ್ಣ ಕೋಲಿನ ಏಟು ಭಾಳ ಚೂಪು, ಆಮೇಲೆ ಸಡಿಲಾದಾಗ ಆ ಸದ್ದು ಬರುವುದಿಲ್ಲ. ಬಾರಿಸುವವರನ್ನು ಕೇಳಿಕೊಂಡು ಬಿಡಿ ಬಿಡಿ ಏಟು ಹಾಕಿಸಿ, ಒಂದಿಷ್ಟು ದೂರ ನಿಂತು ರೆಕಾರ್ಡ್ ಮಾಡಿ, ಹತ್ತಿರ ಹೋದರೆ ಮೊಬೈಲ್ ಮೈಕಿನಲ್ಲಿ ಸದ್ದು ಒಡೆಯುತ್ತದೆ. ಅದರಲ್ಲಿ ಮೊದಲ 30-40 ಮಿಲಿಸೆಕೆಂಡ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಫೇಡ್ ಮಾಡಿ. ಲೆವೆಲ್ ಎಷ್ಟಿರಬೇಕು ಅಂದರೆ, ಹಲಗೆ ಬೇರೆಯಾಗಿ ಕೇಳಿಸಬಾರದು, ಮ್ಯೂಟ್ ಮಾಡಿದರೆ ಮಾತ್ರ ಸ್ನೇರ್ ಸತ್ತ ಹಾಗೆ ಅನಿಸಬೇಕು.

ಏಟಿನ ಹಿಂದೆ ಎಳೆಯುವ ಬಾಲಕ್ಕೆ ಕ್ಲ್ಯಾಪ್ (ಚಪ್ಪಾಳೆ ಸದ್ದು) ಅಥವಾ ವೈಟ್ ನಾಯ್ಸ್ (ಶ್ ಅನ್ನುವ ಸದ್ದು). ಕ್ಲ್ಯಾಪ್‌ನಲ್ಲಿ ಒಂದು ತೊಂದರೆ ಇದೆ. 808 (ರೋಲಂಡಿನದೇ ಇನ್ನೊಂದು ಡ್ರಮ್ ಮಷೀನ್), 909 ಕ್ಲ್ಯಾಪ್ ಝೂಮ್ ಮಾಡಿ ನೋಡಿದರೆ ಮೂರ್ನಾಲ್ಕು ಸಣ್ಣ ಏಟು ಬೇಗ ಬೇಗ ಬಂದು ಆಮೇಲೆ ಬಾಲ ಶುರುವಾಗುತ್ತದೆ. ಫೈಲಿನ ಶುರುವನ್ನು ಸ್ನೇರ್ ಶುರುವಿಗೆ ಕೂರಿಸಿದರೆ ದೊಡ್ಡ ಏಟು ಹಿಂದೆ ಬೀಳುತ್ತದೆ. ಕ್ಲ್ಯಾಪನ್ನೇ ಮುಂಚೆ ಎಳೆದು, ಕೊನೆಯ ಏಟು ಸ್ನೇರ್ ಜೊತೆ ಬೀಳುವ ಹಾಗೆ ಮಾಡಿ.

ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಹಾಕುವುದಾದರೆ ಅಟ್ಯಾಕ್, ಅಂದರೆ ಅದು ಅಮುಕಲು ತಗೊಳ್ಳುವ ಸಮಯ, 10ರಿಂದ 30 ಮಿಲಿಸೆಕೆಂಡ್ ಇರಲಿ. 1ಕ್ಕೆ ಇಟ್ಟರೆ ನೀವು ಕಷ್ಟಪಟ್ಟು ಕಟ್ಟಿದ ಏಟನ್ನೇ ಅದು ಅಮುಕಿಬಿಡುತ್ತದೆ.

ಮದುವೆ ಬಾಕ್ಸಿನ ವಿಷಯ: ತುಂಬಾ ಕಡೆ ಸೆಟಪ್ ಮೋನೋ ಇರುತ್ತದೆ, ಅಂದರೆ ಎಡ ಬಲ ಸೇರಿ ಒಂದೇ ಸದ್ದು. ಸ್ನೇರನ್ನು ವೈಡನರ್‌ನಿಂದ ಅಗಲ ಮಾಡಿದ್ದರೆ ಎಡ ಬಲ ಸೇರಿದಾಗ ಅದು ಕರಗಿಹೋಗಬಹುದು. ಬಾಡಿ, ಹಲಗೆ ಎರಡನ್ನೂ ಮೋನೋದಲ್ಲೇ ಇಡಿ, ಅಗಲ ಬೇಕಾದರೆ ಬಾಲಕ್ಕೆ ಮಾತ್ರ. ಮಾಸ್ಟರ್ (ಎಲ್ಲ ಸದ್ದು ಸೇರುವ ಚಾನೆಲ್) ಮೇಲೆ ಮೋನೋ ಬಟನ್ ಒತ್ತಿ ಕೇಳಿ, ಸ್ನೇರ್ ಹಿಂದೆ ಸರಿದರೆ ಮತ್ತೆ ಝೂಮ್ ಮಾಡಿ ನೋಡಿ. ಸರಿ ಕೂತ ಮೇಲೆ ಎಲ್ಲ ಸೇರಿಸಿ ಒಂದೇ ವೇವ್ ಫೈಲ್ ಮಾಡಿಕೊಳ್ಳಿ, ಮುಂದಿನ ಟ್ರ್ಯಾಕಿಗೂ ಆಗುತ್ತದೆ.