ಅಂಜಿಕೆ ಬಂದರೆ ನಂಬಿಕೆ ಹೋದಂತೆಯೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಗುಳೇದಗುಡ್ಡದ ಕಡೆಯ ಒಂದು ಮನೆ. ಅರವತ್ತು ದಾಟಿದ ನಿವೃತ್ತ ಶಿಕ್ಷಕಿ, ಓಣಿಗೆಲ್ಲ 'ಅಕ್ಕೋರು'. ಮೇದೋಜೀರಕದ ಕ್ಯಾನ್ಸರ್ ಲಿವರ್‌ಗೂ ಹಬ್ಬಿತ್ತು. ಇನ್ನು ಕೀಮೋ ಕೊಟ್ಟರೂ ಉಪಯೋಗವಿಲ್ಲ ಎಂದು ವೈದ್ಯರು ಮನೆಗೆ ಕಳಿಸಿದ್ದರು. ಅವರನ್ನು ನೋಡಲು ಹೋದ ನನ್ನನ್ನು ಹಿರಿಯ ಮಗ ಬಾಗಿಲಲ್ಲೇ ನಿಲ್ಲಿಸಿದರು. "ಅವ್ವಗ ಹೊಟ್ಟ್ಯಾಗ ಹುಣ್ಣಾಗೇತಿ ಅಂತ ಹೇಳೀವ್ರಿ. ನೀವೂ ಹಂಗ ಹೇಳ್ರಿ ಸರ."

ಅವರು ಚಹಾ ತರಲು ಒಳಗೆ ಹೋದದ್ದೇ ತಡ, ಅಕ್ಕೋರು ಮೆಲ್ಲಗೆ ಹೇಳಿದರು: "ತಮ್ಮಾ, ತಿಜೂರಿ ಮ್ಯಾಲ ಫೈಲ್ ಐತಿ. ಮೊಮ್ಮಗಳ ಕಡೆಯಿಂದ ತಗಿಸಿ ಓದೀನಿ. ಎಲ್ಲಾ ಗೊತ್ತೈತಿ. ಹುಡುಗ್ರು ಅಳ್ತಾವ ಅಂತ ಸುಮ್ನ ಅದೀನಿ."

ಇಂಥ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ತಾಯಿಗೆ ನೋವಾಗಬಾರದೆಂದು ಮಕ್ಕಳು ಮುಚ್ಚಿಡುತ್ತಾರೆ, ಮಕ್ಕಳಿಗೆ ನೋವಾಗಬಾರದೆಂದು ತಾಯಿ. ಕೊನೆಗೆ ಯಾರಿಗೂ ಮನಸ್ಸು ಬಿಚ್ಚಿ ಅಳುವುದಕ್ಕೂ ಜಾಗ ಇರುವುದಿಲ್ಲ.

ಆದರೆ ಅಕ್ಕೋರನ್ನು ಸಾವಿಗಿಂತ ಜಾಸ್ತಿ ಕಾಡುತ್ತಿದ್ದದ್ದು ನಾಚಿಕೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಆ ಹಳೆಯ ಕಾಲದಿಂದಲೇ ಕ್ರೈಸ್ತ ಸಭೆಯಲ್ಲಿರುವ ಮನೆತನ ಇವರದು. "ರಾತ್ರಿ ಎಚ್ಚರ ಆದ್ರ ಎದಿ ಡವಡವ ಅಂತೈತಿ. ನಾವೇ ಹಿಂಗ ಅಂಜಿದ್ರ ಉಳಿದೋರ ಗತಿ ಏನೋ ತಮ್ಮಾ?" ಮೇಲಾಗಿ, ಹೊರಗಿನಿಂದ ಬಂದ ಪ್ರಾರ್ಥನಾ ನಾಯಕರೊಬ್ಬರು "ನಂಬಿಕೆ ಗಟ್ಟಿ ಇದ್ದರೆ ಏಳುತ್ತೀರಿ" ಎಂದು ಹೇಳಿ ಹೋಗಿದ್ದರು. ಅಕ್ಕೋರು ಏಳಲಿಲ್ಲ. ಹಾಗಾದರೆ ತಪ್ಪು ತನ್ನದೇ ಎಂದುಕೊಂಡಿದ್ದರು. ಸಾಯುತ್ತಿರುವ ಮನುಷ್ಯರ ತಲೆಯ ಮೇಲೆ ಇಂಥ ಭಾರ ಹೊರಿಸುವುದು ಕ್ರೂರ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಾನು ಉಪದೇಶಕ್ಕೆ ಇಳಿಯಲಿಲ್ಲ. ಭಾನುವಾರ ಶಾಲೆಯ ಮಕ್ಕಳಿಗೆ ಹೇಳುವಂತೆ, ಸತ್ತ ಮೇಲೆ ಯೇಸು ಎಬ್ಬಿಸಿದ ಲಾಜರನ ಕಥೆ ಹೇಳಿ ಎಂದೆ. ದಿಂಬಿಗೆ ಒರಗಿ, ಎರಡು ಮಾತಿಗೊಮ್ಮೆ ಉಸಿರು ತಗೊಂಡು ಹೇಳಿದರು. ಲಾಜರನ ಸಹೋದರಿಯರು ಬಂದರು: ಮಾರ್ಥಳ ಸಿಟ್ಟು ಬಂತು, ಮರಿಯಳ ಅಳು ಬಂತು. ಯೇಸು ಕಣ್ಣೀರು ಹಾಕಿದ ಕಡೆ ತಾವೇ ನಿಂತರು. "ಎಬ್ಬಸ್ತೀನಿ ಅಂತ ಗೊತ್ತಿದ್ರೂ ಅತ್ತಾನಲ್ಲೋ ತಮ್ಮಾ." ಹೌದು ಅಕ್ಕೋರ, ಎಂದೆ. ತನ್ನ ಸಾವು ಎದುರಿಗೆ ಬಂದಾಗಲೂ ಯೇಸು ಗೆತ್ಸೆಮನೆ ತೋಟದಲ್ಲಿ ಈ ಕಷ್ಟದ ಪಾತ್ರೆ ದೂರ ಹೋಗಲಿ ಎಂದು ಬೇಡಿಕೊಂಡ. ಅಲ್ಲಿ ಅಂಜಿಕೆಯೂ ಇತ್ತು, ತಂದೆಯ ಮೇಲೆ ಭರವಸೆಯೂ ಇತ್ತು. ಅಪೊಸ್ತಲನಾದ ಪೌಲನು ತನ್ನನ್ನು ಕಾಡುತ್ತಿದ್ದ ಬಾಧೆಯನ್ನು ಮೈಯ ಮುಳ್ಳು ಎಂದು ಕರೆದು, ಅದನ್ನು ತೆಗೆ ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಪೌಲನ ನಂಬಿಕೆ ಸಣ್ಣದು ಅನ್ನೋಕಾಗುತ್ತಾ? ಹುಟ್ಟುಕುರುಡನ ವಿಷಯದಲ್ಲಿ ಇದು ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಯೇಸು ಹೇಳಿದನಲ್ಲವೇ? ಅಕ್ಕೋರು ಬಹಳ ಹೊತ್ತು ಅತ್ತರು. ಅಳಲಿ ಎಂದು ನಾನು ಸುಮ್ಮನೆ ಕೂತೆ.

ಅವರ ಒಪ್ಪಿಗೆಯಿಂದ ಮಕ್ಕಳನ್ನು ಕರೆದು ಕೂರಿಸಿದೆ. "ಫೈಲ್ ಓದೀನಪಾ" ಎಂದು ಅವರೇ ಹೇಳಿದರು. ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಗುಣವಾಗಲಿ ಎಂದು ಪ್ರಾರ್ಥಿಸಿ, ಆದರೆ ಗುಣವಾಗಲೇಬೇಕು ಎಂಬ ಹೊರೆ ಅವ್ವನ ಮೇಲೆ ಹಾಕಬೇಡಿ. ಸಭಾಪಾಲಕರನ್ನು ಕರೆಸಿ ಮನೆಯಲ್ಲೇ ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಕೊಡಿಸಿ. ಬಾದಾಮಿಯಲ್ಲಿರುವ ತಂಗಿಯ ಜೊತೆ ಅಕ್ಕೋರು ಹೊಲದ ಜಗಳದಿಂದ ಮಾತು ಬಿಟ್ಟಿದ್ದರು. ಆ ತಂಗಿಗೆ ಇವತ್ತೇ ಫೋನ್ ಮಾಡಿ. ಯಾವ ಹಾಡು, ಯಾರ ಪಕ್ಕದಲ್ಲಿ ಮಣ್ಣು, ಆಸ್ತಿ ಯಾರಿಗೆ ಎಂದು ಅವರು ಹೇಳಹೊರಟರೆ "ಹಂಗ ಮಾತಾಡಬ್ಯಾಡವ್ವ" ಎಂದು ಬಾಯಿ ಮುಚ್ಚಿಸಬೇಡಿ, ಬರೆದುಕೊಳ್ಳಿ.

ಇನ್ನೊಂದು ಮಾತು ನೋವಿನದು. ವೈದ್ಯರು ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಬರೆದಿದ್ದರು, ಚಟ ಹತ್ತುತ್ತದೆಂದು ಮಕ್ಕಳು ಕೊಟ್ಟಿರಲಿಲ್ಲ. ಕ್ಯಾನ್ಸರ್ ನೋವಿಗೆ ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಚಟದ ಭಯ ಬೇಡ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಕೇಳಿ ಎಂದೆ. ನೋವು ತಡೆದುಕೊಂಡರೆ ದೇವರು ಮೆಚ್ಚುತ್ತಾನೆ ಎಂದು ಸತ್ಯವೇದದಲ್ಲಿ (ಬೈಬಲಿನಲ್ಲಿ) ಎಲ್ಲೂ ಇಲ್ಲ. ನೋವು ತಗ್ಗಿದ ಮೇಲೆ ಅಕ್ಕೋರಿಗೆ ನಿದ್ದೆ ಬಂತು, ಎದ್ದು ಪ್ರಾರ್ಥನೆ ಮಾಡುವಷ್ಟು ಮನಸ್ಸೂ ಬಂತು.

ಕಡೆಯ ದಿನಗಳಲ್ಲಿ ಅವರು ಹಿಡಿದುಕೊಂಡದ್ದು ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಏರಿದ ಕಳ್ಳನ ಕಥೆಯನ್ನು. ಒಳ್ಳೆಯದೇನೂ ಮಾಡಲು ಅವನಿಗೆ ಹೊತ್ತೇ ಉಳಿದಿರಲಿಲ್ಲ, ನನ್ನನ್ನು ನೆನಪಿಡು ಎಂದಷ್ಟೇ ಕೇಳಿದ. ಇವತ್ತೇ ನನ್ನ ಜೊತೆ ಪರದೈಸಿನಲ್ಲಿ ಇರುವೆ ಎಂದು ಯೇಸು ಮಾತು ಕೊಟ್ಟ. "ಅವಂಗ ಸಿಕ್ಕ ಮಾತು ನನಗೂ ಐತಿ" ಎನ್ನುತ್ತಿದ್ದರು. ಆಮೇಲೂ ರಾತ್ರಿ ಅಂಜಿಕೆ ಬರುತ್ತಿತ್ತು. ಆಗ ಸೊಸೆಯನ್ನು ಎಬ್ಬಿಸುತ್ತಿದ್ದರು, ಮುಚ್ಚಿಡುತ್ತಿರಲಿಲ್ಲ.

ಅವರು ಹೋದ ಮೇಲೆ ಕಿರಿಯ ಮಗ ಬಂದಿದ್ದರು. ಮಾತ್ರೆ ಕೊಟ್ಟಿದ್ದಕ್ಕೇ ಅವ್ವ ಬೇಗ ಹೋದಳೇ ಎಂಬ ಪ್ರಶ್ನೆ ಅವರನ್ನು ತಿನ್ನುತ್ತಿತ್ತು. ಇಲ್ಲ, ಅವ್ವನನ್ನು ಕರೆದೊಯ್ದದ್ದು ಕಾಯಿಲೆ, ನೀವು ಕೊಟ್ಟದ್ದು ನೆಮ್ಮದಿ ಎಂದೆ. ಪುನರುತ್ಥಾನವನ್ನು ನಂಬುವವರು ದುಃಖಪಡಬಾರದು ಎಂದು ಪೌಲನು ಹೇಳಲಿಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಪಡಬೇಡಿ ಎಂದ. ಆದ್ದರಿಂದ ಅಳುವುದನ್ನು ತಡೆಯಬೇಡಿ, ಈ ಪ್ರಶ್ನೆ ಮತ್ತೆ ಕಾಡಿದರೆ ಅವ್ವನನ್ನು ನೋಡಿಕೊಂಡ ವೈದ್ಯರ ಹತ್ತಿರ ಹೋಗಿ ಒಂದು ಸಲ ನೇರವಾಗಿ ಕೇಳಿ ಎಂದು ಹೇಳಿ ಕಳಿಸಿದೆ.